ಚಿಟ್ಟೆ ತಿನ್ನುವ ನಾಯಕಿ

"ಆತ್ಮ ನೋಡಲು ಹೇಗಿರುತ್ತದೆ?" ಎಂದು ಮೇಷ್ಟರು ಕೇಳಿದಾಗ ಯಾರೂ ಬೋಂಡಾದಿಂದ ತಲೆ ಎತ್ತಲಿಲ್ಲ. ನಿವೃತ್ತರಾದ ಮೇಲೆ ಅವರಿಗೆ ಇಂಥ ಪ್ರಶ್ನೆಗಳು ಜಾಸ್ತಿ.

"ಚಿಟ್ಟೆಯಂತೆ," ಎಂದು ಅವರೇ ಹೇಳಿ, ಅಮೆರಿಕದಿಂದ ಬಂದಿದ್ದ ಅಳಿಯ ಬಿಟ್ಟುಹೋದ ಹಳೆಯ ಪತ್ರಿಕೆಯೊಂದನ್ನು ಚೀಲದಿಂದ ತೆಗೆದರು. ಅದಕ್ಕೆ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ್ದರು. ಹೊರಗೆ ಗಣಪತಿ, ಒಳಗೆ ಸೈತಾನನ ಮಗಳು. "ಇವಳು ಸಟಾನಾ. 1973ರಲ್ಲಿ ಮಾರ್ವೆಲ್ ಎಂಬ ಕಾಮಿಕ್ಸ್ ಕಂಪನಿ ತಂದ ಪಾತ್ರ. ಗಂಡಸರಿಗೆ ಮುತ್ತಿಟ್ಟರೆ ಆತ್ಮ ಚಿಟ್ಟೆಯಾಗಿ ಬಾಯಿಂದ ಹೊರಬರುತ್ತದೆ. ಹಿಡಿದು ತಿನ್ನುತ್ತಾಳೆ."

"ಕೊನೆಗೆ ನಾಯಕ ಬಂದು ಇವಳನ್ನು ಕೊಲ್ಲುತ್ತಾನೋ?"

"ಇವಳೇ ನಾಯಕಿ!"

ವಕೀಲರು ಕೈ ಒರೆಸಿಕೊಂಡರು. "ಇದನ್ನು ಅಚ್ಚು ಹಾಕಲು ಬಿಟ್ಟವರು ಯಾರು? 1954ರಲ್ಲೇ ಅಲ್ಲಿನ ಪ್ರಕಾಶಕರು ಕೂಡಿ ಕಾಮಿಕ್ಸಿಗೆ ಸಂಹಿತೆ ಮಾಡಿಕೊಂಡಿದ್ದರಲ್ಲ? ರಕ್ತಪಿಶಾಚಿ ಕೂಡದು, ತೋಳಮಾನವ ಕೂಡದು, ಹೆಸರಿನಲ್ಲಿ 'ಹಾರರ್' ಎಂಬ ಶಬ್ದವೂ ಕೂಡದು."

"1971ರಲ್ಲಿ ಸಡಿಲಿಸಿದರು. ಡ್ರಾಕುಲಾನಂತೆ ಒಳ್ಳೆಯ ಸಾಹಿತ್ಯದಿಂದ ಬಂದ ಪಿಶಾಚಿಗಳಿಗೆ ಬಾಗಿಲು ತೆರೆಯಿತು."

"ಅಂದರೆ ಮನೆತನ ನೋಡಿ ಸೇರಿಸಿಕೊಂಡರು."

"ಇವಳಿಗೆ ಆ ತಾಪತ್ರಯವೂ ಇರಲಿಲ್ಲ. ಹಾಳೆ ದೊಡ್ಡದು ಮಾಡಿ, ಬಣ್ಣ ತೆಗೆದರೆ ಅದು ಕಾಮಿಕ್ಸ್ ಅಲ್ಲ, ಮ್ಯಾಗಜಿನ್. ಸಂಹಿತೆ ಅದಕ್ಕೆ ಅನ್ವಯಿಸುತ್ತಿರಲಿಲ್ಲ."

"ಊರ ಗಡಿಯಾಚೆ ಸಾರಾಯಿ ಅಂಗಡಿ ಇಟ್ಟ ಹಾಗೆ," ಎಂದು ವಕೀಲರು ಮೆಚ್ಚಿಕೊಂಡರು. ಕಾನೂನನ್ನು ಮುರಿಯುವವರಿಗಿಂತ ಸುತ್ತಿ ಹೋಗುವವರ ಮೇಲೆ ಅವರಿಗೆ ಮೊದಲಿನಿಂದಲೂ ಗೌರವ.

ಬ್ಯಾಂಕಿನ ರಾಯರು ಬೆಲೆ ಕೇಳಿದರು. 1974ರಲ್ಲಿ ಬಣ್ಣದ ಕಾಮಿಕ್ಸ್ 25 ಸೆಂಟ್, ಇದು 75.

"ಬಣ್ಣ ಕಿತ್ತುಕೊಂಡು ಮೂರು ಪಟ್ಟು! ಎಷ್ಟು ದಿನ ನಡೆಯಿತು?"

"ಈ 'ದಿ ಹಾಂಟ್ ಆಫ್ ಹಾರರ್' 1973ರಲ್ಲಿ ಚಿಕ್ಕ ಗಾತ್ರದ ಕಥಾಪತ್ರಿಕೆಯಾಗಿತ್ತು. ಎರಡೇ ಸಂಚಿಕೆಗೆ ನಿಂತಿತು. ಮರುವರ್ಷ ಅದೇ ಹೆಸರಿನಲ್ಲಿ ಚಿತ್ರಕಥೆಯ ಮ್ಯಾಗಜಿನ್ ಆಗಿ ಎದ್ದಿತು. ಐದು ಸಂಚಿಕೆ, 1975ರ ಜನವರಿಗೆ ಮುಗಿಯಿತು."

"ಒಂದೇ ಹೆಸರಿನಲ್ಲಿ ಎರಡು ಸಲ ಮುಳುಗಿದೆ. ನಾನಾಗಿದ್ದರೆ ಎರಡನೆಯ ಸಾಲ ಮಂಜೂರು ಮಾಡುತ್ತಿರಲಿಲ್ಲ. ಅವಳ ಗತಿ?"

"1979ರಲ್ಲಿ ಸತ್ತಳು. ಅದೂ ಸಂಹಿತೆಯ ಮುದ್ರೆ ಹೊತ್ತ, ಸ್ಪೈಡರ್‌ಮ್ಯಾನ್ ಇರುವ ಬಣ್ಣದ ಕಾಮಿಕ್ಸಿನಲ್ಲಿ."

"ನೋಡಿದಿರಾ, ಗಡಿಯೊಳಗೆ ಬಂದಳು, ಸಿಕ್ಕಿಬಿದ್ದಳು," ಎಂದರು ವಕೀಲರು.

"ಆಮೇಲೆ ಮತ್ತೆ ಎದ್ದು ಬಂದಳು."

ಮೇಷ್ಟರು ಗಣಪತಿಯನ್ನು ಮೇಲಕ್ಕೆ ಮಾಡಿ ಪತ್ರಿಕೆಯನ್ನು ಚೀಲಕ್ಕೆ ಸೇರಿಸುವಷ್ಟರಲ್ಲಿ, ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಬೋಂಡಾವನ್ನು ರಾಯರು ಎರಡು ಬೆರಳಲ್ಲಿ, ರೆಕ್ಕೆ ಹಿಡಿದಂತೆ, ಮೆಲ್ಲಗೆ ಎತ್ತಿಕೊಂಡಿದ್ದರು.