ಬೆಳಗಾವಿ, ಬಾಗಲಕೋಟೆ, ವಿಜಯಪುರ ಊರುಗಳ ರಸ್ತೆ ದೂರದ ಕೋಷ್ಟಕ: ಓಎಸ್‌ಆರ್‌ಎಂ ಲೆಕ್ಕ ತಪ್ಪುತ್ತಿದೆ

ಲಾರಿ_ಲೆಕ್ಕ:
ಮೂರು ಜಿಲ್ಲೆಗಳ 32 ಊರು, ಜೊತೆಗೆ ಸೊಲ್ಲಾಪುರ, ಮಿರಜ, ಕೊಲ್ಹಾಪುರ. ಲಾರಿ ಬಾಡಿಗೆ ದರ ಕಟ್ಟಲು ಎಲ್ಲ ಜೋಡಿಗಳ ರಸ್ತೆ ದೂರ ಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್ (ಓಎಸ್‌ಎಂ) ನಕ್ಷೆಯನ್ನು ವಲಯವಾರು ಕೊಡುವ ಜಿಯೋಫ್ಯಾಬ್ರಿಕ್ ತಾಣದಿಂದ ದಕ್ಷಿಣ ವಲಯದ ಫೈಲ್ ಇಳಿಸಿ, ಆ ನಕ್ಷೆಯಲ್ಲಿ ದಾರಿ ಹುಡುಕುವ ತಂತ್ರಾಂಶ ಓಎಸ್‌ಆರ್‌ಎಂ ಅನ್ನು ಕಾರ್ ಪ್ರೊಫೈಲ್‌ನಲ್ಲಿ (ಕಾರಿನ ವೇಗ-ನಿಯಮಗಳ ಫೈಲ್) ಓಡಿಸಿ, ಪೈಥಾನ್‌ನಿಂದ ಅದರ ಟೇಬಲ್ ಸೇವೆ (ಎಲ್ಲ ಜೋಡಿಗಳ ದೂರ ಒಟ್ಟಿಗೆ ಕೊಡುವುದು) ಕರೆಯುತ್ತಿದ್ದೇನೆ. ಊರುಗಳ ಅಕ್ಷಾಂಶ-ರೇಖಾಂಶ ಹೆಸರು ಕೊಟ್ಟರೆ ಸ್ಥಳ ಹುಡುಕುವ ನಾಮಿನಾಟಿಮ್ ಸೇವೆಯಿಂದ ತೆಗೆದದ್ದು. ಬೆಳಗಾವಿ–ವಿಜಯಪುರ 500 ಕಿ.ಮೀ. ದಾಟಿ ಬರುತ್ತಿದೆ. ಸೊಲ್ಲಾಪುರದ ಅಂಕಣ ಪೂರ್ತಿ ಕಡಿಮೆ. ಎಲ್ಲಿ ನೋಡಬೇಕು?

ಗಡಿನಾಡು:
ಸ್ಕ್ರಿಪ್ಟ್ ಸರಿ ಐತ್ರಿ, ನಕ್ಷೆ ತುಂಡು ಸಣ್ಣದಾಗೇತಿ. ದಕ್ಷಿಣ ವಲಯದ ಫೈಲಿನೊಳಗ ಮಹಾರಾಷ್ಟ್ರ, ಗೋವಾ ಇಲ್ಲ. ಅವು ಪಶ್ಚಿಮ ವಲಯದಾಗ ಅದಾವ. ಸೊಲ್ಲಾಪುರದ ಬಿಂದು ಕೊಟ್ರ ಓಎಸ್‌ಆರ್‌ಎಂ ತಪ್ಪು ಅಂತ ಹೇಳೂದಿಲ್ಲ. ತನ್ನ ಹತ್ರ ಇರೋ ರಸ್ತೆಗಳೊಳಗ ಸಮೀಪದ್ದು ಹುಡುಕಿ ಗಡಿ ಹತ್ರದ ರಸ್ತೆಗೆ ಬಿಂದು ಅಂಟಿಸಿಬಿಡ್ತದ, ಅದಕ್ಕ ದೂರ ಕಡಿಮಿ. ರಾಜ್ಯದೊಳಗಿನ ಜೋಡಿಗಳೂ ಕೆಡ್ತಾವ: ಅಥಣಿಯಿಂದ ಚಡಚಣಕ್ಕ ಜತ್ತ ಮ್ಯಾಲೆ ಹೋಗೋ ದಾರಿ ನಿಮ್ಮ ಫೈಲಿನೊಳಗ ಇರೂದೇ ಇಲ್ಲ.

ಇಡೀ ಭಾರತದ ಪಿಬಿಎಫ್ (ನಕ್ಷೆ ಫೈಲ್) ಇಳಿಸ್ಕೊಂಡು ಓಸ್ಮಿಯಮ್ ಅನ್ನೋ ತಂತ್ರಾಂಶದ ಎಕ್ಸ್‌ಟ್ರ್ಯಾಕ್ಟ್‌ನಿಂದ ಚೌಕ ಕತ್ತರಿಸ್ರಿ: 73.5, 15.0, 77.0, 18.0. ಪಶ್ಚಿಮ, ದಕ್ಷಿಣ, ಪೂರ್ವ, ಉತ್ತರ, ಇದೇ ಕ್ರಮ. ಆಮೇಲೆ ಓಎಸ್‌ಆರ್‌ಎಂನ ಹಂತಗಳು: ಎಕ್ಸ್‌ಟ್ರ್ಯಾಕ್ಟ್, ಪಾರ್ಟಿಷನ್, ಕಸ್ಟಮೈಸ್, ಕೊನೀಗೆ ಸರ್ವರ್. ದಾರಿ ಹುಡುಕೋ ವಿಧಾನ ಎರಡು, ಎಂಎಲ್‌ಡಿ ಮತ್ತ ಸಿಎಚ್; ಈ ಹಂತಗಳು ಎಂಎಲ್‌ಡಿಗೆ, ಹಂಗಾಗಿ ಸರ್ವರ್‌ಗೆ ಅಲ್ಗಾರಿದಮ್ ಎಂಎಲ್‌ಡಿ ಅಂತ ಹೇಳಲೇಬೇಕು. ಹೇಳದಿದ್ರ ಸಿಎಚ್ ಫೈಲ್ ಹುಡುಕಿ ನಿಂತುಬಿಡ್ತದ.

ವಿಜಯಪುರದ್ದು ಹೆಸರಿನ ಗೊಂದಲ. ದೇವನಹಳ್ಳಿ ತಾಲ್ಲೂಕಿನೊಳಗೂ ವಿಜಯಪುರ ಐತಿ, ಬಿಜಾಪುರ ಅಂದ್ರ ಛತ್ತೀಸಗಢದ್ದೂ ಬರಬಹುದು. 35 ಬಿಂದು ಅಷ್ಟೇ, ಕೈಯಿಂದ ಗುರುತಿಸಿ ಸಿಎಸ್‌ವಿಯೊಳಗ ಇಡ್ರಿ. ನಮ್ಮ ವಿಜಯಪುರ ಅಂದಾಜು 16.83 ಉತ್ತರ, 75.71 ಪೂರ್ವ. ಓಎಸ್‌ಆರ್‌ಎಂಗೆ ಕಳಿಸೋ ಯುಆರ್‌ಎಲ್ ಒಳಗ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ.

ಕೃಷ್ಣಾ_ದಂಡೆ:
ಬಾಗಲಕೋಟೆಗೆ ನವನಗರದ ಬಿಂದು ಬೇಕೋ ಹಳೆ ಊರಿನದೋ ಮೊದಲೇ ತೀರ್ಮಾನಿಸಿ. ನಡುವೆ ಕೆಲವು ಕಿ.ಮೀ. ವ್ಯತ್ಯಾಸ. ಲಾರಿಗೆ ಎಪಿಎಂಸಿ ಯಾರ್ಡ್ ಗೇಟಿನ ಬಿಂದುವೇ ಒಳ್ಳೆಯದು.

ಟೇಬಲ್ ಉತ್ತರದಲ್ಲಿ ಪ್ರತಿ ಬಿಂದುವಿನ ಜೊತೆ ಒಂದು ಡಿಸ್ಟೆನ್ಸ್ ಬರುತ್ತದೆ. ನೀವು ಕೊಟ್ಟ ಬಿಂದುವಿನಿಂದ ರಸ್ತೆ ಎಷ್ಟು ಮೀಟರ್ ದೂರ ಎಂಬುದು ಅದು. 300 ಮೀಟರ್ ದಾಟಿದವನ್ನೆಲ್ಲ ಸ್ಕ್ರಿಪ್ಟ್ ಮುದ್ರಿಸಲಿ. ಈ ಒಂದು ಸಾಲು ಹಾಕಿದ್ದರೆ ಸೊಲ್ಲಾಪುರ ಆಗಲೇ ಸಿಕ್ಕಿಬೀಳುತ್ತಿತ್ತು.

ಇನ್ನೊಂದು ಪರೀಕ್ಷೆ: ರಸ್ತೆ ದೂರವನ್ನು ನೇರ ದೂರದಿಂದ ಭಾಗಿಸಿ. 1.6 ಮೀರಿದ ಜೋಡಿಗಳನ್ನು ನಕ್ಷೆಯಲ್ಲಿ ತೆರೆದು ನೋಡಿ. ಆಲಮಟ್ಟಿ ಹಿನ್ನೀರು ಸುತ್ತಬೇಕಾದಲ್ಲಿ ಅದು ನ್ಯಾಯವೇ. ಆದರೆ ಸೇತುವೆಯ ಗೆರೆ ರಸ್ತೆಯ ಗೆರೆಗೆ ಒಂದೇ ನೋಡ್‌ನಲ್ಲಿ (ನಕ್ಷೆಯಲ್ಲಿ ಗೆರೆಗಳನ್ನು ಕೂಡಿಸುವ ಬಿಂದು) ಕೂಡದಿದ್ದರೂ ಹೀಗೇ ಸುತ್ತು ಬರುತ್ತದೆ. ಕಣ್ಣಿಗೆ ಕೂಡಿದಂತೆ ಕಾಣುತ್ತದೆ, ಎಂಜಿನ್‌ಗೆ ಕೂಡಿಲ್ಲ. ಅದನ್ನು ಓಎಸ್‌ಎಂನಲ್ಲೇ ತಿದ್ದಿ, ಎಲ್ಲರಿಗೂ ಉಪಯೋಗ. ಜಿಯೋಫ್ಯಾಬ್ರಿಕ್ ಫೈಲ್ ದಿನಾ ಹೊಸದಾಗುತ್ತದೆ.

ಲಾರಿ_ಲೆಕ್ಕ:
ಚೌಕ ಕತ್ತರಿಸಿ, ಬಿಂದುಗಳನ್ನು ಕೈಯಿಂದ ಗುರುತಿಸಿದ ಮೇಲೆ ಸೊಲ್ಲಾಪುರ, ವಿಜಯಪುರ ಎರಡೂ ಸರಿಯಾದವು, ಧನ್ಯವಾದ. ಕೆಲವು ಜೋಡಿಗಳಲ್ಲಿ ಚಾಲಕರು ಹೇಳುವುದಕ್ಕಿಂತ ದೂರ ಜಾಸ್ತಿ ಇದೆ. ಮಳೆಗಾಲಕ್ಕೆ ಬೇರೆ ಕೋಷ್ಟಕ ಮಾಡಬಹುದೇ?

ಗಡಿನಾಡು:
ಟೇಬಲ್ ಕೊಡೋದು ಬೇಗ ಮುಟ್ಟೋ ದಾರಿಯ ದೂರ, ಕಡಿಮಿ ದೂರದ ದಾರಿ ಅಲ್ಲ. ಕಾರ್ ಪ್ರೊಫೈಲ್‌ನೊಳಗ ಟ್ರಂಕ್ ರಸ್ತೆಗೆ (ದೊಡ್ಡ ಹೆದ್ದಾರಿ) ತಾಸಿಗೆ 85, ಅದರ ಕೆಳಗಿನ ದರ್ಜೆಯ ಪ್ರೈಮರಿಗೆ 65 ಕಿ.ಮೀ. ವೇಗ ಐತಿ, ಹಂಗಾಗಿ ಹೆದ್ದಾರಿ ಸುತ್ತಿ ಹೋಗ್ತದ. ಕಬ್ಬಿನ ಲಾರಿಗೆ ಆ ವೇಗ ಎಲ್ಲಿಂದ ಬರಬೇಕ್ರಿ? ವೇಗ ಇಳಿಸ್ರಿ, ಇಲ್ಲಾ ಪ್ರೊಫೈಲ್‌ನೊಳಗ ವೇಟ್ ನೇಮ್ (ದಾರಿ ಆರಿಸೋ ಅಳತಿ) ಡಿಸ್ಟೆನ್ಸ್ ಮಾಡಿ ಎಕ್ಸ್‌ಟ್ರ್ಯಾಕ್ಟ್‌ನಿಂದ ಮತ್ತ ಓಡಿಸ್ರಿ.

ಮಳೆಗಾಲಕ್ಕ ಅಷ್ಟು ಮಾಡೋದು ಬೇಡ. ಕುಡಚಿ–ಉಗಾರ ಸೇತುವೆಯಂಥ ಮುಳುಗೋ ಕಡೆಗಳ ನೋಡ್ ಐಡಿ ತಗೊಂಡು ಒಂದು ಸಿಎಸ್‌ವಿ ಬರೀರಿ: ಎಲ್ಲಿಂದ, ಎಲ್ಲಿಗೆ, ವೇಗ 0. ಅದನ್ನ ಸೆಗ್ಮೆಂಟ್ ಸ್ಪೀಡ್ ಫೈಲ್ ಅಂತ ಕೊಟ್ಟು ಕಸ್ಟಮೈಸ್ ಅಷ್ಟೇ ಮತ್ತ ಓಡಿಸಿ ಸರ್ವರ್ ಚಾಲೂ ಮಾಡ್ರಿ. ಹೋಗೂದಕ್ಕ ಒಂದು ಸಾಲು, ಬರೂದಕ್ಕ ಒಂದು ಸಾಲು ಬೇಕು. ಒಂದೇ ಬರದ್ರ ಆ ಕಡೆಯಿಂದ ದಾರಿ ತೆರದೇ ಇರ್ತದ.