‘ದೆಸ್ಪಸೀತೊ’ ಗೆದ್ದಿದ್ದು ಬೀಬರ್‌ನಿಂದಲಾ, ಬೀಟ್‌ನಿಂದಲಾ?

ರಾಗಿರೊಟ್ಟಿ: ಸ್ಪ್ಯಾನಿಷ್‌ನ ಒಂದಕ್ಷರ ಬಾರದವರೂ ‘ದೆಸ್ಪಸೀತೊ’ ಗುನುಗುತ್ತಾರೆ. ಜಸ್ಟಿನ್ ಬೀಬರ್ ದನಿ ಸೇರಿಸದಿದ್ದರೆ ಅದು ಲ್ಯಾಟಿನ್ ಅಮೆರಿಕದಲ್ಲೇ ಉಳೀತಿತ್ತು ಅನ್ನೋದು ಎಷ್ಟು ನಿಜ? ಹಾಡಿನೊಳಗೇ ಏನಾದರೂ ಕರಾಮತ್ತಿದೆಯಾ? ತಾಳದ ಲೆಕ್ಕದಲ್ಲಿ ಹೇಳಿದರೆ ಒಳ್ಳೇದು.

ಖಂಜಿರ: ಇದು ರೆಗೆಟಾನ್ ಅನ್ನೋ ಲ್ಯಾಟಿನ್ ಕುಣಿತದ ಸಂಗೀತದ ತಾಳ, ಹೆಸರು ಡೆಂಬೊ ಬೀಟ್. ‘ತಕಿಟ ತಕಿಟ ತಕ’ ಅನ್ನಿ, 3+3+2, ಒಟ್ಟು 8 ಮಾತ್ರೆ. 1 ಮತ್ತು 5ಕ್ಕೆ ಕಾಲು ತಟ್ಟಿ, ಅದು ಕಿಕ್, ಅಂದರೆ ಡ್ರಮ್‌ನ ದಪ್ಪ ಏಟು. 4 ಮತ್ತು 7ಕ್ಕೆ ಚಪ್ಪಾಳೆ, ಅದು ಸ್ನೇರ್, ಡ್ರಮ್‌ನ ಚುರುಕು ಏಟು. ಕಾಲು ಸಮಕ್ಕೆ ನಡೀತಿರುತ್ತೆ, ಕೈ ಮಾತ್ರ ಎಡವಿದ ಹಾಗೆ ಬೀಳುತ್ತೆ. ಸೊಂಟ ಅಲ್ಲಾಡೋದು ಈ ಜಗ್ಗಾಟಕ್ಕೇ. ಹೊಸಬರು 7ರ ಬದಲು 8ಕ್ಕೆ ತಟ್ಟುತ್ತಾರೆ. ಚಪ್ಪಾಳೆಯೆಲ್ಲ ಸಮದೂರಕ್ಕೆ ಬಂದು ಕವಾಯತಾಗಿಬಿಡುತ್ತೆ.

ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ನಾಲ್ಕೇ: ಬಿ ಮೈನರ್, ಜಿ, ಡಿ, ಎ. ಕೊನೇ ತನಕ ಅದೇ ಸುತ್ತು. ಆದರೂ ಬೇಜಾರಾಗಲ್ಲ, ಯಾಕಂದರೆ ಮೊದಲ ಪಲ್ಲವಿಯ ಹೊಸ್ತಿಲಲ್ಲಿ ಬೀಟ್ ನಿಂತುಬಿಡುತ್ತೆ. ‘ದೆಸ್... ಪ... ಸೀತೊ’ ಅಂತ ಮೂಲ ಗಾಯಕ ಲೂಯಿಸ್ ಫೋನ್ಸಿ ಪದವನ್ನ ಬಿಡಿಸಿಟ್ಟ ಮೇಲೇ ಬೀಟ್ ವಾಪಸ್ಸು. ಆ ಪದದ ಅರ್ಥವೇ ‘ಮೆಲ್ಲಗೆ’. ನಿಘಂಟಿನ ಕೆಲಸ ಕಿವಿಯೇ ಮಾಡಿಬಿಡ್ತು ನೋಡಿ. ಪದ ಸ್ವರದಲ್ಲಿ ಮುಗಿಯೋದೂ ನಮ್ಮ ಬಾಯಿಗೆ ಅನುಕೂಲ, ಕನ್ನಡದ ಪದಗಳ ಹಾಗೇ.

ಚಾರ್ಟ್‌ಹುಳು: ಬೀಬರ್ ಬಗ್ಗೆ: ಹಾಡು ಬಂದಿದ್ದು 2017ರ ಜನವರಿ, ಬೀಬರ್ ದನಿ ಸೇರಿಸಿದ ರೀಮಿಕ್ಸ್ ಏಪ್ರಿಲ್. ಮೂಲ ವಿಡಿಯೊ ಏಪ್ರಿಲ್‌ನಲ್ಲೇ 100 ಕೋಟಿ ವೀಕ್ಷಣೆ ದಾಟಿತ್ತು, ಅದರಲ್ಲಿ ಬೀಬರ್ ಇಲ್ಲವೇ ಇಲ್ಲ. ಹಾಗಾಗಿ ‘ಬೀಬರ್ ಎತ್ತಿ ನಿಲ್ಲಿಸಿದ’ ಅನ್ನೋದು ಅರ್ಧ ಸುಳ್ಳು.

ಇನ್ನರ್ಧ ಅಮೆರಿಕದ ರೇಡಿಯೊ. ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ 48ನೇ ಸ್ಥಾನದಲ್ಲಿದ್ದ ಹಾಡು ರೀಮಿಕ್ಸ್ ಬಂದಮೇಲೆ 9ಕ್ಕೆ ನೆಗೆಯಿತು, ಮೇನಲ್ಲಿ 1ಕ್ಕೆ ಬಂದು ಒಟ್ಟು 16 ವಾರ ಅಲ್ಲೇ ಕೂತಿತು. ರೀಮಿಕ್ಸ್‌ನ ಮೊದಲ ಸಾಲುಗಳು ಇಂಗ್ಲಿಷ್, ಪಲ್ಲವಿ ಸ್ಪ್ಯಾನಿಷ್ಷೇ. ಇಂಗ್ಲಿಷ್ ಸ್ಟೇಷನ್ನಿನ ಕೇಳುಗ ಶುರುವಿನಲ್ಲೇ ಚಾನೆಲ್ ಬದಲಿಸಬಾರದು, ಅಷ್ಟೇ ಉಪಾಯ. 1996ರಲ್ಲಿ 14 ವಾರ ನಂಬರ್ 1 ಆಗಿದ್ದ ಸ್ಪ್ಯಾನಿಷ್ ಹಾಡು ‘ಮಕರೇನಾ’ಗೂ ಇದೇ ಮದ್ದು: ಮಯಾಮಿಯ ಬೇಸೈಡ್ ಬಾಯ್ಸ್ ಇಂಗ್ಲಿಷ್ ಚರಣ ಹೊಲಿದರು, ಪಲ್ಲವಿ ಮುಟ್ಟಲಿಲ್ಲ.

ರಾಗಿರೊಟ್ಟಿ: ಕೊರಿಯನ್ ಹಾಡು ‘ಗಂಗ್ನಮ್ ಸ್ಟೈಲ್’ಗೆ ಇಂಗ್ಲಿಷ್ ಚರಣ ಇರಲಿಲ್ಲವಲ್ಲ?

ಚಾರ್ಟ್‌ಹುಳು: ಇರಲಿಲ್ಲ, ಅದಕ್ಕೇ ಪೆಟ್ಟೂ ತಿಂತು. 2012ರ ಡಿಸೆಂಬರ್‌ನಲ್ಲಿ ಯೂಟ್ಯೂಬ್‌ನ ಮೊದಲ 100 ಕೋಟಿ ವೀಕ್ಷಣೆಯ ವಿಡಿಯೊ ಅದು. ಹಾಟ್ 100ರಲ್ಲಿ ಮಾತ್ರ 7 ವಾರ 2ರಲ್ಲೇ ಸಿಕ್ಕಿಕೊಂಡಿತು, ರೇಡಿಯೊ ಅಂಕ ಸಾಲಲಿಲ್ಲ. ಬಿಲ್‌ಬೋರ್ಡ್ ಆ ಪಟ್ಟಿಗೆ ಯೂಟ್ಯೂಬ್ ವೀಕ್ಷಣೆ ಸೇರಿಸಿದ್ದು 2013ರ ಫೆಬ್ರವರಿಯಲ್ಲಿ. ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಆ ಹಾಡನ್ನ ಗಡಿ ದಾಟಿಸಿದ್ದು ಕುದುರೆ ಸವಾರಿಯಂಥ ಕುಣಿತದ ಹೆಜ್ಜೆ, ಕೊರಿಯನ್ ಬರಬೇಕಿಲ್ಲ. ‘ಮಕರೇನಾ’ ಇನ್ನೂ ಸಲೀಸು: ಕೈ ಮುಂದೆ, ಅಂಗೈ ಮೇಲೆ, ಭುಜ, ತಲೆ, ಸೊಂಟ, ಕೊನೆಗೆ ಕಾಲು ಸುತ್ತು ತಿರುಗೋದು. ಜಾಗವೇ ಬೇಡ, ಕಿಕ್ಕಿರಿದ ಕ್ರೀಡಾಂಗಣದಲ್ಲೂ ಆಗುತ್ತೆ.

ರಾಗಿರೊಟ್ಟಿ: @ಖಂಜಿರ, 4ಕ್ಕೆ ಸರಿಯಾಗಿ ಬೀಳ್ತಿದೆ, ಎರಡನೇ ಸುತ್ತಿಗೆ ಕಾಲು ತಪ್ಪುತ್ತೆ.

ಖಂಜಿರ: ಕೊನೇ ‘ತಕ’ದ ‘ಕ’ ನುಂಗ್ತಾ ಇದ್ದೀರಿ, 7 ಮಾತ್ರೆಗೇ ಸುತ್ತು ಮುಗೀತಿದೆ. ಚಪ್ಪಾಳೆ ಬಿಡಿ. ಮೊದಲು ಕಾಲು ಮಾತ್ರ ತಟ್ಟುತ್ತಾ ಬಾಯಲ್ಲಿ ನಾಲ್ಕು ಸುತ್ತು ಹೇಳಿ, ಆಮೇಲೆ ಬರೀ 7ರ ಏಟು ಸೇರಿಸಿ, ಕೊನೆಗೆ 4.