ಎರಡೂ ಒಳ್ಳೆಯ ದಾರಿಯೇ ಆದಾಗ ದೇವರ ಚಿತ್ತ ತಿಳಿಯುವುದು ಹೇಗೆ?

ಸಾಸಿವೆಕಾಳು:
ದುಬೈಯಲ್ಲಿ ಹೆಚ್ಚು ಸಂಬಳದ ಕೆಲಸ ಒಂದು ಕಡೆ. ಊರಲ್ಲೇ ಈಗಿನ ಕೆಲಸ, ವಯಸ್ಸಾದ ತಂದೆತಾಯಿ, ಸಭೆಯ ಸಂಡೇ ಸ್ಕೂಲು ಇನ್ನೊಂದು ಕಡೆ. ಎರಡರಲ್ಲೂ ಪಾಪವಿಲ್ಲ. ಉತ್ತರ ಕೊಡಲು ಒಂದು ತಿಂಗಳ ಗಡುವು. ಪ್ರಾರ್ಥನೆ ಮಾಡಿ ಅಂತ ಎಲ್ಲರೂ ಹೇಳ್ತಾರೆ, ಮಾಡಿ ಎದ್ದ ಮೇಲೆ ಏನು ಅಂತ ಯಾರೂ ಹೇಳಲ್ಲ. ಬೈಬಲ್ ತೆರೆದಾಗ ಕಣ್ಣಿಗೆ ಬಿದ್ದ ವಚನ, ಹೊಸ ವರ್ಷದ ವಾಗ್ದಾನದ ಕಾರ್ಡು, ಚೀಟಿ ಎತ್ತುವುದು, ಇವನ್ನೆಲ್ಲ ನಂಬಬಹುದಾ? ಗೊತ್ತಿದ್ದವರು ಕ್ರಮವಾಗಿ ಹೇಳಿ.

ಹಳೆಯ ಒಡಂಬಡಿಕೆ:
ದೇವರು ಈಗಾಗಲೇ ತಿಳಿಸಿರುವುದರಿಂದ ಶುರು ಮಾಡಿ. ದೇವರ ಚಿತ್ತ ಇದೇ ಎಂದು ಬೈಬಲ್ ನೇರವಾಗಿ ಹೇಳುವ ಕಡೆ ಊರಿನ ಹೆಸರೂ ಇಲ್ಲ, ಕಂಪನಿಯ ಹೆಸರೂ ಇಲ್ಲ. 1 ಥೆಸಲೋನಿಕ 4:3ರಲ್ಲಿ ಪವಿತ್ರರಾಗಿರುವುದು, 5:18ರಲ್ಲಿ ಎಲ್ಲದರಲ್ಲೂ ಕೃತಜ್ಞತಾಸ್ತುತಿ ಮಾಡುವುದು. ಮೀಕ 6:8ರಲ್ಲಿ ಆತನು ಕೇಳುವುದು ನ್ಯಾಯ, ಕರುಣೆ, ನಮ್ರತೆ. ಆಫರ್ ಲೆಟರನ್ನು ಇವುಗಳ ಪಕ್ಕ ಇಟ್ಟು ನೋಡಿ. ಏಜೆಂಟ್ ಸುಳ್ಳು ಅನುಭವ ಪತ್ರ ಮಾಡಿಸು ಅನ್ನುತ್ತಿದ್ದಾನಾ? ವಿಸಿಟ್ ವೀಸಾದಲ್ಲಿ ಹೋಗಿ ದುಡಿ ಅನ್ನುತ್ತಿದ್ದಾನಾ? ಹಾಗಿದ್ದರೆ ಪ್ರಶ್ನೆ ಅಲ್ಲಿಗೇ ಮುಗಿಯಿತು, ಉಪವಾಸ ಪ್ರಾರ್ಥನೆ ಬೇಕಿಲ್ಲ. ತಂದೆತಾಯಿಯನ್ನು ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲವಾದರೆ ಮಾರ್ಕ 7:9–13 ಓದಿ. ಕೊರ್ಬಾನ್, ಅಂದರೆ ಇದು ದೇವರಿಗೆ ಮುಡಿಪು, ಎಂದು ಹೇಳಿ ಹೆತ್ತವರ ಪಾಲನ್ನು ತಪ್ಪಿಸುವವರಿಗೆ ಯೇಸು ಹೇಳಿದ ಮಾತು ಅಲ್ಲಿದೆ.

ಇನ್ನು ಗುರುತುಗಳು. ಗಿದ್ಯೋನನ ತುಪ್ಪಟವನ್ನು (ನ್ಯಾಯಸ್ಥಾಪಕರು 6:36–40) ಎಲ್ಲರೂ ಉದಾಹರಿಸುತ್ತಾರೆ: ಕುರಿಯ ಉಣ್ಣೆಯನ್ನು ಕಣದಲ್ಲಿಟ್ಟು, ಮಂಜು ಒಂದು ರಾತ್ರಿ ಅದರ ಮೇಲೆ ಮಾತ್ರ, ಇನ್ನೊಂದು ರಾತ್ರಿ ನೆಲದ ಮೇಲೆ ಮಾತ್ರ ಬೀಳಲಿ ಎಂದು ದೇವರಿಂದ ಗುರುತು ಕೇಳಿದ. ಆದರೆ ಅವನಿಗೆ ಯುದ್ಧಕ್ಕೆ ಹೋಗು ಎಂಬ ಅಪ್ಪಣೆ 14ನೇ ವಚನದಲ್ಲೇ ಸಿಕ್ಕಿತ್ತು. ತುಪ್ಪಟ ಅವನ ಅನುಮಾನಕ್ಕೆ, ಅದೂ ಎರಡು ರಾತ್ರಿ! ದೇವರು ತಾಳಿಕೊಂಡರು ಅಷ್ಟೇ, ಎಲ್ಲರೂ ಹೀಗೆ ಮಾಡಿ ಎಂದಿಲ್ಲ. ಚೀಟಿಯೂ ಹಾಗೇ. ಯೂದನ ಬದಲು ಮತ್ತೀಯನನ್ನು ಅಪೊಸ್ತಲನಾಗಿ ಆರಿಸುವ ಮೊದಲು (ಅಪೊಸ್ತಲರ ಕೃತ್ಯಗಳು, ಅ.ಕೃ. 1:21–26) ಯಾವ ಯೋಗ್ಯತೆ ಇರಬೇಕೆಂದು ಗೊತ್ತುಮಾಡಿ, ಇಬ್ಬರನ್ನು ನಿಲ್ಲಿಸಿ, ಪ್ರಾರ್ಥಿಸಿ ಆಮೇಲೆ ಚೀಟಿ ಹಾಕಿದರು. ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮ ದಿನದ ನಂತರ ಸುನ್ನತಿಯಂಥ ದೊಡ್ಡ ವಿವಾದ ಬಂದಾಗ ಚೀಟಿಯ ಸುದ್ದಿಯೇ ಇಲ್ಲ. 15ನೇ ಅಧ್ಯಾಯದಲ್ಲಿ ಕೂತು ವಾದಿಸಿ, ಪವಿತ್ರಾತ್ಮನಿಗೂ ನಮಗೂ ಇದು ಸರಿತೋರಿತು ಎಂದು ಪತ್ರ ಬರೆದರು.

ವಾಗ್ದಾನದ ಕಾರ್ಡಿನಲ್ಲಿ ಹೆಚ್ಚಾಗಿ ಬರುವುದು ಯೆರೆಮೀಯ 29:11, ನಿಮ್ಮ ಹಿತವನ್ನೇ ಯೋಚಿಸಿದ್ದೇನೆ ಎಂದು ದೇವರು ಹೇಳುವ ವಚನ. ಅದರ ಹಿಂದಿನ ವಚನದಲ್ಲಿ ಬಾಬೆಲಿನಲ್ಲಿ ಎಪ್ಪತ್ತು ವರ್ಷ ಎಂದಿದೆ, ಅದನ್ನು ಯಾರೂ ಕಾರ್ಡಿಗೆ ಹಾಕುವುದಿಲ್ಲ. ವಚನವನ್ನು ಸಂದರ್ಭದಿಂದ ಕಿತ್ತು ಬಳಸುವುದು ಸೈತಾನನಿಗೂ ಬರುತ್ತದೆ (ಮತ್ತಾಯ 4:6).

ಕೊಡಿಯಾಲ:
ಕಥೋಲಿಕರಲ್ಲಿ ಇದಕ್ಕೆ ಪಳಗಿದ ಕ್ರಮವೇ ಇದೆ. ಯೇಸುಸಭೆಯ (ಜೆಸುಯಿಟ್ ಗುರುಗಳ ಸಂಘದ) ಸಂತ ಇಗ್ನೇಷಿಯಸ್ ಬರೆದ, 1548ರಲ್ಲಿ ಪೋಪ್ ಮೂರನೆಯ ಪೌಲರ ಒಪ್ಪಿಗೆಯೊಂದಿಗೆ ಅಚ್ಚಾದ ಧ್ಯಾನದ ಕೈಪಿಡಿಯಿಂದ ನಿಮ್ಮ ಒಂದು ತಿಂಗಳಿಗೆ ಬೇಕಾದಷ್ಟನ್ನು ಹೇಳುತ್ತೇನೆ.

ಮೊದಲ ವಾರ ನಿರ್ಧಾರದ ಗೋಜಿಗೇ ಹೋಗಬೇಡಿ. ತಕ್ಕಡಿಯ ಮುಳ್ಳಿನ ಹಾಗೆ ಮನಸ್ಸು ನಡುವೆ ನಿಲ್ಲಬೇಕು, ಅದಕ್ಕಾಗಿ ಮಾತ್ರ ಪ್ರಾರ್ಥಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಒಳಗೊಳಗೆ ಹೋಗುವುದೆಂದು ಗೊತ್ತುಮಾಡಿಕೊಂಡು, ದೇವರಿಂದ ಸಹಿ ಮಾತ್ರ ಹಾಕಿಸಿಕೊಳ್ಳಲು ಮೊಣಕಾಲೂರುತ್ತಾರೆ. ಗುರಿ ದೇವರ ಸೇವೆ, ಕೆಲಸ ಅದಕ್ಕೆ ಸಾಧನ. ಕೆಲಸವನ್ನು ಮೊದಲು ಆರಿಸಿ ಆಮೇಲೆ ದೇವರನ್ನು ಅದರೊಳಗೆ ತುರುಕಿದರೆ ಕ್ರಮ ತಲೆಕೆಳಗಾಗುತ್ತದೆ.

ಎರಡನೇ ವಾರ ಕಾಗದದಲ್ಲಿ ನಾಲ್ಕು ಅಂಕಣ: ಹೋದರೆ ಲಾಭ, ಹೋದರೆ ಅಪಾಯ, ಉಳಿದರೆ ಲಾಭ, ಉಳಿದರೆ ಅಪಾಯ. ಎರಡೇ ಅಂಕಣ ಸಾಲದು. ಉಳಿಯುವುದೂ ಒಂದು ಆಯ್ಕೆ, ಅದಕ್ಕೂ ಬೆಲೆಯಿದೆ. ಎಣಿಕೆ ಮುಖ್ಯವಲ್ಲ, ತೂಕ ಮುಖ್ಯ. ಸಂಬಳದ ಬಗ್ಗೆ ಐದು ಸಾಲಿದ್ದರೂ ಅದು ಒಂದೇ ಕಾರಣ. ಆಮೇಲೆ ಮೂರು ಪ್ರಶ್ನೆ. ಗುರುತೇ ಇಲ್ಲದ ಒಬ್ಬರು ಇದೇ ಸ್ಥಿತಿಯಲ್ಲಿ ಸಲಹೆ ಕೇಳಿದರೆ ಏನು ಹೇಳುತ್ತೀರಿ? ಮರಣಶಯ್ಯೆಯಲ್ಲಿ ಯಾವುದನ್ನು ಆರಿಸಿರಬೇಕಿತ್ತು ಅನ್ನಿಸೀತು? ನ್ಯಾಯತೀರ್ಪಿನ ದಿನ?

ಮೂರನೇ ವಾರ ಎರಡು ದಿನ ಹೋಗುವುದೇ ನಿರ್ಧಾರವೆಂಬಂತೆ, ಎರಡು ದಿನ ಉಳಿಯುವುದೇ ನಿರ್ಧಾರವೆಂಬಂತೆ ಬದುಕಿ. (ಈ ದಿನಗಳ ಲೆಕ್ಕ ನನ್ನದು, ಕೈಪಿಡಿಯದ್ದಲ್ಲ.) ರಾತ್ರಿ ಹದಿನೈದು ನಿಮಿಷದ ಆತ್ಮಶೋಧನೆಯಲ್ಲಿ ದೇವರಿಗೆ ಸ್ತೋತ್ರ ಹೇಳಿ, ಬೆಳಕು ಬೇಡಿ, ದಿನವನ್ನು ಗಂಟೆ ಗಂಟೆಯಾಗಿ ನೋಡಿ, ಕ್ಷಮೆ ಕೇಳಿ, ನಾಳೆಗೆ ಒಂದು ತೀರ್ಮಾನ ಮಾಡಿ. ವಿಶ್ವಾಸ, ಭರವಸೆ, ಪ್ರೀತಿ ಯಾವಾಗ ಹೆಚ್ಚಿತು, ಯಾವಾಗ ಒಣಗಿತು ಎಂದು ಒಂದೊಂದು ಸಾಲು ಬರೆದಿಡಿ. ನಾಲ್ಕನೇ ವಾರ ಒಂದನ್ನು ಆರಿಸಿ ದೇವರ ಮುಂದಿಟ್ಟು ದೃಢಪಡಿಸಲು ಬೇಡಿ. ಗಡುವಿನ ಕೊನೆಯ ರಾತ್ರಿಗೆ ಇದನ್ನು ಉಳಿಸಬೇಡಿ.

ಪ್ರಾರ್ಥನೆ ಶುಷ್ಕವಾದರೆ ಅವಧಿ ಕಡಿಮೆ ಮಾಡಬೇಡಿ, ನಾಲ್ಕು ನಿಮಿಷ ಹೆಚ್ಚೇ ಕೂರಿ. ಬರೆದದ್ದನ್ನು ಅನುಭವಿ ಗುರುಗಳಿಗೆ ತೋರಿಸಿ. ಮಂಗಳೂರಿನವರಾದರೆ ಜೆಪ್ಪುವಿನ ಫಾತಿಮಾ ರಿಟ್ರೀಟ್ ಹೌಸ್‌ನಲ್ಲಿ ಕೇಳಬಹುದು.

ಓಲೆಗರಿ:
ಒಂದು ತಿದ್ದುಪಡಿ. 'ಮನಸ್ಸಿಗೆ ಸಮಾಧಾನ ಸಿಕ್ಕಿತು, ಆದ್ದರಿಂದ ದೇವರ ಚಿತ್ತ' ಅನ್ನುವ ಲೆಕ್ಕ ನಮ್ಮ ಸಭೆಗಳಲ್ಲಿ ಜಾಸ್ತಿ. ಯೋನನು ದೇವರಿಂದ ಓಡಿಹೋಗುತ್ತಾ ಹಡಗಿನ ಅಡಿಯಲ್ಲಿ ಗಾಢ ನಿದ್ದೆ ಮಾಡಿದ (ಯೋನ 1:5). ಯೇಸು ಶಿಲುಬೆಗೇರುವ ಮುಂಚಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ತಂದೆಯ ಚಿತ್ತಕ್ಕೆ ಒಪ್ಪುತ್ತಾ ವ್ಯಾಕುಲಪಟ್ಟರು. ಸಮಾಧಾನವೇ ಅಳತೆಗೋಲಾದರೆ ಯೋನನೇ ಸರಿ ಆಗಬೇಕಿತ್ತು! ಕೊಡಿಯಾಲ ಹೇಳಿದ ಹಾಗೆ ದಿನಾ ರಾತ್ರಿ ಒಂದೊಂದು ಸಾಲು ಬರೆಯುವಾಗ ಇದು ನೆನಪಿರಲಿ.

ಸಾಸಿವೆಕಾಳು:
ಎಲ್ಲರಿಗೂ ವಂದನೆ. ಇಷ್ಟೆಲ್ಲ ಮಾಡಿ ಹೋಗಿ, ಅಲ್ಲಿ ಕಷ್ಟ ಬಂದರೆ ತಪ್ಪಿದೆ ಅಂತಲೇ ಅರ್ಥವಾ?

ಹಳೆಯ ಒಡಂಬಡಿಕೆ:
ಅಲ್ಲ. ಪೌಲನಿಗೆ ಮಕೆದೋನ್ಯಕ್ಕೆ ಬಾ ಎಂದು ಒಬ್ಬ ಕರೆಯುವ ದರ್ಶನವೇ ಆಯಿತು, ಜೊತೆಯವರೂ ಸೇರಿ ಇದು ದೇವರ ಕರೆ ಎಂದು ನಿಶ್ಚಯಿಸಿ ಹೊರಟರು. ಅಲ್ಲಿನ ಫಿಲಿಪ್ಪಿ ಪಟ್ಟಣದಲ್ಲಿ ಸಿಕ್ಕಿದ್ದು ಛಡಿಯೇಟು, ಸೆರೆಮನೆ (ಅ.ಕೃ. 16).

ಕೊಡಿಯಾಲ:
ಒಳಗಿನ ಪ್ರೇರಣೆಗಳನ್ನು ವಿವೇಚಿಸಲು ಇಗ್ನೇಷಿಯಸರು ಕೊಟ್ಟ ನಿಯಮಗಳಲ್ಲಿ ಐದನೆಯದು ಇದಕ್ಕೇ ಇದೆ: ಮನಸ್ಸು ಕುಗ್ಗಿರುವಾಗ, ನೆಮ್ಮದಿಯಲ್ಲಿ ಮಾಡಿದ ನಿರ್ಧಾರವನ್ನು ಬದಲಿಸಬೇಡಿ. ಮನೆ ನೆನಪಾಗಿ ಅತ್ತ ರಾತ್ರಿ ರಾಜೀನಾಮೆ ಬರೆಯುವುದು ಬೇಡ. ಆದರೆ ಒಪ್ಪಂದದಲ್ಲಿದ್ದ ಕೆಲಸವೇ ಬೇರೆ, ಅಲ್ಲಿ ಕೊಟ್ಟದ್ದೇ ಬೇರೆ ಆದರೆ, ಅಥವಾ ಊರಲ್ಲಿ ತಂದೆತಾಯಿಯ ಸ್ಥಿತಿ ಬದಲಾದರೆ ಅದು ಭಾವನೆಯಲ್ಲ, ಹೊಸ ಸಂಗತಿ. ಮದುವೆ, ಗುರುದೀಕ್ಷೆಯ ಹಾಗೆ ಉದ್ಯೋಗ ಬಿಡಿಸಲಾಗದ ಕಟ್ಟಲ್ಲ. ಅದೇ ನಾಲ್ಕು ಅಂಕಣ ಮತ್ತೆ ಹಾಕಬಹುದು.